ನೆಗಡಿಯೂ ಒಂದು ಹೊಣೆ: ಚಳಿಗಾಲದಲ್ಲಿ ವಿಶ್ವಾಸಿಯ ಶಿಷ್ಟಾಚಾರ

ಸಹೀಹ್ ಮುಸ್ಲಿಮ್ ಗ್ರಂಥದಲ್ಲಿ ಹ. ಸಲಮಾ ಬಿನ್ ಅಕ್ವಅ್(ರ) ವರದಿ ಮಾಡಿದ ಒಂದು ಚಿಕ್ಕ ಹದೀಸ್ ಇದೆ. ಪ್ರವಾದಿ ಮುಹಮ್ಮದ್(ಸ)ರ ಸನ್ನಿಧಿಯಲ್ಲಿ ಒಬ್ಬರು ಸೀನಿದರು. ಪ್ರವಾದಿವರ್ಯರು(ಸ) ಅವರಿಗೆ ಅಲ್ಲಾಹನ ಕರುಣೆಯನ್ನು ಹಾರೈಸಿದರು. ಆ ವ್ಯಕ್ತಿ ಮತ್ತೊಮ್ಮೆ ಸೀನಿದಾಗ, ಅವರಿಗೆ ನೆಗಡಿಯಾಗಿದೆಯೆಂದು ಪ್ರವಾದಿ(ಸ) ತಿಳಿಸಿದರು. ಇದೇ ಘಟನೆಯು ತಿರ್ಮಿದಿಯಲ್ಲಿ ಮೂರನೆಯ ಸೀನಿನ ಉಲ್ಲೇಖದೊಂದಿಗೆ ಬಂದಿದೆ. ಪದೇಪದೇ ಸೀನುವವರಿಗೆ ಅನಂತರ ಆರೋಗ್ಯಕ್ಕಾಗಿ ಪ್ರಾರ್ಥಿಸಬೇಕೆಂದು ವಿದ್ವಾಂಸರು ಇದರ ಆಧಾರದಲ್ಲಿ ಹೇಳಿದ್ದಾರೆ.

ಸೀನು ಬೇರೆ, ನೆಗಡಿ ಬೇರೆ ಎಂಬುದನ್ನು ಗುರುತಿಸುವಷ್ಟು ಸೂಕ್ಷ್ಮ ಗಮನವನ್ನು ಪ್ರವಾದಿವರ್ಯರು(ಸ) ತಮ್ಮ ಬಳಿ ಕುಳಿತ ಒಬ್ಬ ಸಾಮಾನ್ಯ ವ್ಯಕ್ತಿಗೆ ನೀಡಿದರು. ನಮಗಾದರೋ ನೆಗಡಿಯೆಂದರೆ ಲೆಕ್ಕಕ್ಕಿಲ್ಲದ ಕಾಯಿಲೆ. ಔಷಧಿ ತೆಗೆದುಕೊಂಡರೆ ಏಳು ದಿನ, ತೆಗೆದುಕೊಳ್ಳದಿದ್ದರೆ ಒಂದು ವಾರ ಎಂದು ನಾವು ನಗುತ್ತೇವೆ. ಆ ಮಾತಿನಲ್ಲಿ ಸತ್ಯವೂ ಇದೆ. ಆದರೆ ನಮಗೆ ಏಳು ದಿನಗಳ ಕಿರಿಕಿರಿಯಾಗಿರುವ ಅದೇ ನೆಗಡಿಯು ನಮ್ಮ ಪಕ್ಕದ ಸಫ್‌ನಲ್ಲಿ ನಿಂತ ಎಪ್ಪತ್ತರ ಹಿರಿಯರಿಗೆ, ಅಸ್ತಮಾ ಇರುವ ಸಹೋದರನಿಗೆ ಅಥವಾ ಮನೆಯಲ್ಲಿರುವ ಇಪ್ಪತ್ತು ದಿನಗಳ ಹಸುಳೆಗೆ ಉಸಿರಾಟದ ಸಂಕಟವಾಗಿ ಪರಿಣಮಿಸಬಹುದು. ಆದುದರಿಂದ ನೆಗಡಿಯನ್ನು ಕೇವಲ ನಮ್ಮ ದೇಹದ ವಿಷಯವೆಂದು ಕಾಣದೆ, ಇತರರ ಹಕ್ಕಿಗೆ ಸಂಬಂಧಿಸಿದ ವಿಷಯವೆಂದು ಕಾಣಬೇಕೆಂಬುದು ನಮ್ಮ ಅಭಿಪ್ರಾಯ.

ಚಳಿಯೇ ಕಾರಣವೇ?

ನೆಗಡಿಯನ್ನು ತರುವುದು ವೈರಸ್‌ಗಳು. ಇಂತಹ 200ಕ್ಕೂ ಹೆಚ್ಚು ಬಗೆಯ ವೈರಸ್‌ಗಳಿವೆ. ಅವುಗಳಲ್ಲಿ ರೈನೋವೈರಸ್ ಎಂಬ ಗುಂಪಿನದೇ ಸಿಂಹಪಾಲು. ವಯಸ್ಕರಿಗೆ ವರ್ಷಕ್ಕೆ ಎರಡು ಮೂರು ಬಾರಿ, ಮಕ್ಕಳಿಗೆ ಅದಕ್ಕಿಂತಲೂ ಹೆಚ್ಚು ಬಾರಿ ನೆಗಡಿಯಾಗುವುದು ಸಹಜ. ಒಮ್ಮೆ ಬಂದ ನೆಗಡಿ ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ವಾಸಿಯಾಗುತ್ತದೆ. ಕೆಮ್ಮು ಮಾತ್ರ ಇನ್ನೂ ಕೆಲವು ದಿನ ಉಳಿಯಬಹುದು.

ಬಾಳೆಹಣ್ಣು ತಿಂದುದರಿಂದ, ಮೊಸರು ಉಂಡುದರಿಂದ ಶೀತವಾಯಿತೆಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ವೈರಸ್ ದೇಹವನ್ನು ಸೇರದೆ ಯಾವ ಹಣ್ಣೂ ನೆಗಡಿಯನ್ನು ತರಲಾರದು. ಹಾಗಿದ್ದರೂ ಚಳಿಗಾಲದಲ್ಲಿ ನೆಗಡಿ ಹೆಚ್ಚಲು ಕಾರಣಗಳಿವೆ. ನಾವು ಕಿಟಕಿ ಬಾಗಿಲುಗಳನ್ನು ಮುಚ್ಚಿಕೊಂಡು ಒಂದೇ ಕೋಣೆಯಲ್ಲಿ ಒತ್ತಾಗಿ ಇರುತ್ತೇವೆ. ಒಬ್ಬರು ಬಿಟ್ಟ ಉಸಿರನ್ನೇ ಮತ್ತೊಬ್ಬರು ಎಳೆದುಕೊಳ್ಳುತ್ತೇವೆ. ತಂಪಾದ ಒಣಗಾಳಿಯು ಮೂಗಿನ ಒಳಪದರದ ರಕ್ಷಣಾಶಕ್ತಿಯನ್ನು ಕುಗ್ಗಿಸುತ್ತದೆ. ಸೀನಿದಾಗ ಮತ್ತು ಕೆಮ್ಮಿದಾಗ ಹಾರುವ ಹನಿಗಳಿಂದಲೂ, ಸಿಂಬಳ ತಾಗಿದ ಕೈಯಿಂದಲೂ ವೈರಸ್ ಮತ್ತೊಬ್ಬರ ಕಣ್ಣು, ಮೂಗು, ಬಾಯಿಗಳನ್ನು ತಲುಪುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ರೋಗವು ತಾನಾಗಿ ಅಂಟುವುದಿಲ್ಲ ಎಂಬರ್ಥದ ಹದೀಸ್ ಇಲ್ಲವೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಇದೆ. ಆದರೆ ರೋಗಪೀಡಿತ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿಗೆ ತರಬಾರದೆಂಬ ಪ್ರವಾದಿ ಆದೇಶವೂ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಅಲ್ಲಾಹನ ಇಚ್ಛೆಯ ಹೊರತು ರೋಗಕ್ಕೆ ಸ್ವತಂತ್ರ ಶಕ್ತಿಯಿದೆಯೆಂಬ ಅಜ್ಞಾನಕಾಲದ ನಂಬಿಕೆಯನ್ನು ಮೊದಲನೆಯದು ನಿರಾಕರಿಸುತ್ತದೆ. ಅಲ್ಲಾಹನೇ ಇರಿಸಿರುವ ಕಾರಣಗಳ ಬಗ್ಗೆ ಎಚ್ಚರದಿಂದಿರಬೇಕೆಂದು ಎರಡನೆಯದು ಕಲಿಸುತ್ತದೆ ಎಂದು ವಿದ್ವಾಂಸರು ಇವೆರಡನ್ನೂ ಹೊಂದಿಸಿ ವಿವರಿಸಿದ್ದಾರೆ. ಹಿಜರಿ 18ರಲ್ಲಿ ಶಾಮ್ ದೇಶದಲ್ಲಿ ಅಮವಾಸ್ ಪ್ಲೇಗ್ ಹರಡಿದ್ದಾಗ ಖಲೀಫಾ ಉಮರ್(ರ) ದಾರಿಯಿಂದಲೇ ಹಿಂದಿರುಗಿದರು. ಇದು ಅಲ್ಲಾಹನ ವಿಧಿಯಿಂದ ಪಲಾಯನವಲ್ಲವೇ ಎಂಬ ಪ್ರಶ್ನೆಗೆ, ತಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಸಾಗುತ್ತಿರುವುದಾಗಿ ಅವರು ಉತ್ತರಿಸಿದರು. ಎಚ್ಚರಿಕೆಯು ತವಕ್ಕುಲ್‌ಗೆ ವಿರುದ್ಧವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಸುನ್ನತ್ ಕಲಿಸಿದ ಶಿಷ್ಟಾಚಾರ

ನೆಗಡಿ ಹರಡದಂತೆ ತಡೆಯಲು ಇಂದಿನ ವೈದ್ಯರು ಹೇಳುವ ಎಷ್ಟೋ ಮಾತುಗಳು ನಮ್ಮ ಮಕ್ಕಳು ಮದ್ರಸದಲ್ಲಿ ಕಲಿಯುವ ಅದಬ್ ಪಾಠಗಳಲ್ಲೇ ಇವೆ. ಪ್ರವಾದಿ(ಸ) ಸೀನುವಾಗ ಕೈಯಿಂದ ಅಥವಾ ವಸ್ತ್ರದಿಂದ ಮುಖವನ್ನು ಮುಚ್ಚಿ, ಸ್ವರವನ್ನು ತಗ್ಗಿಸುತ್ತಿದ್ದರು. ಕುಡಿಯುವ ಪಾತ್ರೆಯೊಳಗೆ ಉಸಿರು ಬಿಡುವುದನ್ನು ಅವರು ವಿರೋಧಿಸಿದರು. ಮಸೀದಿಯ ಕಿಬ್ಲಾ ಗೋಡೆಯ ಮೇಲೆ ಕಫ ಬಿದ್ದಿರುವುದನ್ನು ಕಂಡಾಗ ಅವರಿಗೆ ಬಹಳ ಬೇಸರವಾಯಿತು. ಅವರೇ ಎದ್ದು ಅದನ್ನು ಕೆರೆದು ತೆಗೆದರು. ಬಳಿಕ ತಮ್ಮ ಮೇಲುವಸ್ತ್ರದ ಅಂಚಿನಲ್ಲಿ ಉಗುಳಿ, ಅದನ್ನು ಮಡಚಿ, ಹೀಗೆ ಮಾಡಿರೆಂದು ತೋರಿಸಿಕೊಟ್ಟರು. ಕರವಸ್ತ್ರದ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಕಲಿಸಲು ಸಾಧ್ಯವಿಲ್ಲ.

ಈ ಪಾಠಗಳನ್ನು ನಾವು ಇಂದಿನ ಮಸೀದಿಗೆ ಅನ್ವಯಿಸಿ ನೋಡೋಣ. ವುಝೂ ಮಾಡುವ ಜಾಗದಲ್ಲಿ ತೂಗುಹಾಕಿದ ಒಂದೇ ಟವೆಲ್‌ನಲ್ಲಿ ಐವತ್ತು ಮಂದಿ ಮುಖ ಒರೆಸುತ್ತಾರೆ. ನೀರಿನ ಡ್ರಮ್ಮಿಗೆ ಸರಪಳಿ ಕಟ್ಟಿದ ಒಂದೇ ಲೋಟ. ಹಳೆಯ ಮಸೀದಿಗಳ ಹೌಝ್‌ನಲ್ಲಿ ಕೆಲವರು ಮೂಗು ಸ್ವಚ್ಛಗೊಳಿಸಿದ ನೀರನ್ನು ಹೌಝ್‌ಗೇ ಬಿಡುತ್ತಾರೆ. ಮೂಗಿಗೆ ನೀರೆಳೆದು ಸ್ವಚ್ಛಗೊಳಿಸುವುದು ಸುನ್ನತ್. ಆದರೆ ಅದನ್ನು ಎಡಗೈಯಿಂದ, ಹೊರಗಿನ ಕಾಲುವೆಯ ಕಡೆಗೆ ತಿರುಗಿ ಮಾಡಬೇಕು. ಸಾರ್ವಜನಿಕ ಟವೆಲ್ ಮತ್ತು ಲೋಟಗಳನ್ನು ತೆಗೆದುಹಾಕಿ, ಸಾಬೂನು ಇಡುವ ವ್ಯವಸ್ಥೆಯನ್ನು ಜಮಾಅತ್ ಕಮಿಟಿಗಳು ಮಾಡಬೇಕು. ಇದಕ್ಕೆ ತಗಲುವ ಖರ್ಚು ಒಂದು ಸೀಲಿಂಗ್ ಫ್ಯಾನಿನ ಬೆಲೆಗಿಂತಲೂ ಕಡಿಮೆ. ಚಳಿಯೆಂದು ಎಲ್ಲ ಕಿಟಕಿಗಳನ್ನೂ ಮುಚ್ಚದೆ, ಎದುರುಬದುರಿನ ಎರಡನ್ನಾದರೂ ತೆರೆದಿಡಬೇಕು.

ನಾವು ದಿನಕ್ಕೆ ಐದು ಬಾರಿ ವುಝೂ ಮಾಡುವವರು, ನಮಗೇಕೆ ಸಾಬೂನು ಎಂದು ಕೇಳುವವರಿದ್ದಾರೆ. ವುಝೂ ಇಬಾದತ್, ಅದರ ಪುಣ್ಯ ಬೇರೆ. ಸಿಂಬಳ ಒರೆಸಿದ ಕೈಯನ್ನು ಸಾಬೂನು ಹಚ್ಚಿ ಇಪ್ಪತ್ತು ಸೆಕೆಂಡು ಉಜ್ಜಿ ತೊಳೆಯುವುದು ಆರೋಗ್ಯದ ಅಗತ್ಯ. ಒಂದು ಇನ್ನೊಂದರ ಬದಲಿಯಲ್ಲ. ಅಂತೆಯೇ ನೆಗಡಿಯಿರುವಾಗ ಸಲಾಮನ್ನು ಬಾಯಿಮಾತಿನಲ್ಲಿ ಹೇಳಿ, ಹಸ್ತಲಾಘವವನ್ನು ವಿನಯದಿಂದ ತಪ್ಪಿಸಿದರೆ ಯಾರೂ ಅದನ್ನು ಅಗೌರವವೆಂದು ತಿಳಿಯಬಾರದು.

ಸುಬ್‌ಹ್ ವೇಳೆಯ ತಣ್ಣೀರಿನ ಬಗ್ಗೆಯೂ ಒಂದು ಮಾತು. ಕಷ್ಟದ ಸಂದರ್ಭದಲ್ಲೂ ವುಝೂವನ್ನು ಪೂರ್ಣವಾಗಿ ಮಾಡುವುದಕ್ಕೆ ದೊಡ್ಡ ಪ್ರತಿಫಲವಿದೆಯೆಂದು ಹದೀಸ್‌ಗಳಲ್ಲಿದೆ. ಇದರರ್ಥ ಕಷ್ಟವನ್ನು ಹುಡುಕಿಕೊಂಡು ಹೋಗಬೇಕೆಂದಲ್ಲ. ಕೊಡಗು, ಚಿಕ್ಕಮಗಳೂರಿನ ಚಳಿಯಲ್ಲಿ ಬಿಸಿನೀರು ಲಭ್ಯವಿದ್ದರೆ ಅದನ್ನು ಬಳಸಲು ಯಾವ ಅಡ್ಡಿಯೂ ಇಲ್ಲ. ಝಾತುಸ್ಸಲಾಸಿಲ್ ದಂಡಯಾತ್ರೆಯ ಕೊರೆಯುವ ರಾತ್ರಿಯಲ್ಲಿ ಸ್ನಾನ ಕಡ್ಡಾಯವಾದಾಗ ಹ. ಅಮ್ರ್ ಬಿನ್ ಆಸ್(ರ) ಪ್ರಾಣಭಯದಿಂದ ತಯಮ್ಮುಮ್ ಮಾಡಿದ್ದರು. ಪ್ರವಾದಿ(ಸ) ಅವರ ವಿವರಣೆಯನ್ನು ಕೇಳಿ ಮುಗುಳ್ನಕ್ಕರು, ಆಕ್ಷೇಪಿಸಲಿಲ್ಲ. ಹಾಗೆಂದು ಮನೆಯಲ್ಲಿ ಗೀಸರ್ ಇರುವಾಗ ಸಣ್ಣ ನೆಗಡಿಯ ನೆಪದಲ್ಲಿ ತಯಮ್ಮುಮ್ ಮಾಡುವುದು ಸಲ್ಲದು.

ಮಸೀದಿಗೆ ಹೋಗಬೇಕೇ, ಬೇಡವೇ?

ನಮ್ಮ ಅಭಿಪ್ರಾಯದಲ್ಲಿ ಈ ಚರ್ಚೆಯ ತಿರುಳು ಇಲ್ಲಿದೆ. ಜ್ವರದಿಂದ ನಡುಗುತ್ತ, ನಮಾಝ್‌ನುದ್ದಕ್ಕೂ ಕೆಮ್ಮುತ್ತ ಜಮಾಅತ್‌ಗೆ ಬರುವವರನ್ನು ನಾವು ಧರ್ಮನಿಷ್ಠರೆಂದು ಮೆಚ್ಚುತ್ತೇವೆ. ಅವರ ನಿಯ್ಯತ್‌ನಲ್ಲಿ ಸಂದೇಹವಿಲ್ಲ. ಆದರೆ ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದವರು ಮಸೀದಿಯಿಂದ ದೂರವಿರಬೇಕೆಂದು ಪ್ರವಾದಿ(ಸ) ಆದೇಶಿಸಿದುದು ಏಕೆ? ಆ ವಾಸನೆಯಿಂದ ಇತರರಿಗೆ ತೊಂದರೆಯಾಗುತ್ತದೆಂಬ ಕಾರಣದಿಂದ. ಕೇವಲ ವಾಸನೆಯ ತೊಂದರೆಗೇ ಇಷ್ಟು ಮಹತ್ವವಿರುವಾಗ, ಹಿರಿಯರೊಬ್ಬರನ್ನು ಆಸ್ಪತ್ರೆಗೆ ಸೇರಿಸಬಲ್ಲ ತೊಂದರೆಗೆ ಎಷ್ಟು ಮಹತ್ವವಿರಬೇಕು!

ಅನಾರೋಗ್ಯವು ಜಮಾಅತ್ ಬಿಡಲು ಅಂಗೀಕೃತ ಕಾರಣವೆಂದು ಫಿಕ್‌ಹ್ ಗ್ರಂಥಗಳು ಹೇಳುತ್ತವೆ. ಅಷ್ಟೇ ಅಲ್ಲ, ದಾಸನು ರೋಗಿಯಾದಾಗ, ಆರೋಗ್ಯವಂತನಾಗಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳ ಪ್ರತಿಫಲವು ಅವನ ಹೆಸರಿನಲ್ಲಿ ಬರೆಯಲ್ಪಡುತ್ತಿರುತ್ತದೆ ಎಂಬ ಸುವಾರ್ತೆ ಬುಖಾರಿಯಲ್ಲಿದೆ. ದಿನವೂ ಸಫ್‌ನಲ್ಲಿ ನಿಲ್ಲುತ್ತಿದ್ದವನು ಜ್ವರದ ಮೂರು ದಿನ ಮನೆಯಲ್ಲಿ ನಮಾಝ್ ಮಾಡಿದರೆ ಏನನ್ನೂ ಕಳೆದುಕೊಳ್ಳುವುದಿಲ್ಲ. ಅವನು ಕಾಪಾಡಿದ ಜನರ ಆರೋಗ್ಯವು ಅವನ ಪಾಲಿಗೆ ಇನ್ನೊಂದು ಸತ್ಕರ್ಮವಾಗುವುದೆಂದು ನಾವು ಆಶಿಸುತ್ತೇವೆ.

ಇದರ ಇನ್ನೊಂದು ಬದಿಯನ್ನೂ ಹೇಳಲೇಬೇಕು. ಮೂಗು ತುಸು ಸೋರಿದ ಮಾತ್ರಕ್ಕೆ ಜುಮಾ ಬಿಟ್ಟು, ಅಂದು ಸಂಜೆಯೇ ಪೇಟೆಯಲ್ಲಿ ತಿರುಗುವುದು ರಿಯಾಯಿತಿಯ ದುರುಪಯೋಗ. ಜ್ವರವಿಲ್ಲದ ಸಣ್ಣ ನೆಗಡಿಯಿದ್ದರೆ ಮಾಸ್ಕ್ ಧರಿಸಿ, ಅಂಚಿನಲ್ಲಿ ನಿಂತು, ನಮಾಝ್ ಮುಗಿದೊಡನೆ ಹೊರಡಬಹುದು. ಜ್ವರ ಅಥವಾ ಎಡೆಬಿಡದ ಕೆಮ್ಮು ಇದ್ದರೆ ಮನೆಯಲ್ಲಿರುವುದೇ ಯುಕ್ತ. ವಿವರಗಳನ್ನು ತಮ್ಮ ಮೊಹಲ್ಲಾದ ಉಲಮಾಗಳಲ್ಲಿ ಕೇಳಿ ತಿಳಿಯಬೇಕು.

ಮದ್ರಸಗಳ ವಿಷಯದಲ್ಲೂ ಇದೇ ಮಾತು. ಬೆಳಗಿನ ಜಾವದಲ್ಲಿ ಒಂದೇ ಬೆಂಚಿನಲ್ಲಿ ಐದಾರು ಮಕ್ಕಳು ಒತ್ತಾಗಿ ಕುಳಿತು ಗಟ್ಟಿಯಾಗಿ ಓದುತ್ತಾರೆ. ಒಬ್ಬನಿಗೆ ಸೋಮವಾರ ಬಂದ ನೆಗಡಿ ಶುಕ್ರವಾರದೊಳಗೆ ತರಗತಿಯನ್ನೇ ಸುತ್ತುತ್ತದೆ. ಪೂರ್ಣ ಹಾಜರಾತಿಗೆ ಬಹುಮಾನವಿರುವ ಕಡೆಗಳಲ್ಲಿ ಜ್ವರವಿರುವ ಮಗುವನ್ನೂ ತಾಯಂದಿರು ಕಳುಹಿಸುವುದನ್ನು ಅಧ್ಯಾಪಕರಾದ ನಾವು ಕಾಣುತ್ತೇವೆ. ಅನಾರೋಗ್ಯದ ರಜೆಯನ್ನು ಗೈರುಹಾಜರಿಯೆಂದು ಎಣಿಸದಿರುವ ನಿಯಮವನ್ನು ಮದ್ರಸಗಳು ತರಬೇಕು.

ಚಿಕಿತ್ಸೆ: ಎರಡು ಅತಿರೇಕಗಳ ನಡುವೆ

ಔಷಧಿ ಮಾಡಬೇಕೇ ಎಂದು ಗ್ರಾಮೀಣ ಅರಬರು ಕೇಳಿದಾಗ ಪ್ರವಾದಿ(ಸ) ಮಾಡಬೇಕೆಂದೇ ಉತ್ತರಿಸಿದರು. ವೃದ್ಧಾಪ್ಯವೊಂದನ್ನು ಬಿಟ್ಟು ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನು ಇರಿಸಿದ್ದಾನೆಂದು ತಿಳಿಸಿದರು. ಆದರೆ ನಮ್ಮ ಕುಟುಂಬಗಳು ಎರಡು ಅತಿರೇಕಗಳ ನಡುವೆ ತೂಗಾಡುತ್ತಿವೆ. ಒಂದು ಕಡೆ, ನೆಗಡಿಯಾದ ಮರುದಿನವೇ ಮೆಡಿಕಲ್ ಶಾಪಿಗೆ ಹೋಗಿ, ವೈದ್ಯರ ಚೀಟಿಯಿಲ್ಲದೆ ಅಜಿತ್ರೋಮೈಸಿನ್, ಅಮಾಕ್ಸಿಸಿಲಿನ್‌ಗಳಂತಹ ಆ್ಯಂಟಿಬಯಾಟಿಕ್‌ಗಳನ್ನು ತಂದು ನುಂಗುವವರು. ಇನ್ನೊಂದು ಕಡೆ, ಮಗುವಿನ ಎದೆ ಗುಂಡಿ ಬೀಳುತ್ತಿದ್ದರೂ ಕರಿಜೀರಿಗೆ ಮತ್ತು ಜೇನು ಸಾಕೆಂದು ಕುಳಿತಿರುವವರು.

ಆ್ಯಂಟಿಬಯಾಟಿಕ್‌ಗಳು ಕೊಲ್ಲುವುದು ಬ್ಯಾಕ್ಟೀರಿಯಾಗಳನ್ನು. ವೈರಸ್‌ಗಳ ಮೇಲೆ ಅವುಗಳ ಪ್ರಭಾವವಿಲ್ಲ. ಸಿಂಬಳ ಹಳದಿ ಅಥವಾ ಹಸಿರಾದ ಮಾತ್ರಕ್ಕೆ ಅವು ಬೇಕೆಂದೂ ಅರ್ಥವಲ್ಲ. ಅನಗತ್ಯವಾಗಿ ಬಳಸಿದಷ್ಟೂ ಬ್ಯಾಕ್ಟೀರಿಯಾಗಳು ಔಷಧಿಗೆ ಮಣಿಯದಷ್ಟು ಬಲಿಷ್ಠವಾಗುತ್ತವೆ. ಅವು ನಮ್ಮ ದೇಹದಲ್ಲೇ ಉಳಿಯುವುದಿಲ್ಲ, ನೆರೆಯವರಿಗೂ ಹರಡುತ್ತವೆ. ನಾಳೆ ನಿಜವಾಗಿ ನ್ಯುಮೋನಿಯಾ ಬಂದವರಿಗೆ ಅದೇ ಔಷಧಿ ಕೆಲಸ ಮಾಡದೆ ಹೋದರೆ, ಅದರಲ್ಲಿ ನಮ್ಮ ಪಾಲೂ ಇರುತ್ತದೆ. ತಾನೂ ಹಾನಿಗೊಳಗಾಗಬಾರದು, ಇತರರಿಗೂ ಹಾನಿ ಮಾಡಬಾರದೆಂಬ ಶರೀಅತ್‌ನ ತತ್ವವು ಮಾತ್ರೆಯ ಪಟ್ಟಿಗೂ ಅನ್ವಯಿಸುತ್ತದೆ.

ಇನ್ನು ಕಲೌಂಜಿಯೆಂದು ಕರೆಯುವ ಕರಿಜೀರಿಗೆ. ಮರಣದ ಹೊರತು ಎಲ್ಲ ರೋಗಗಳಿಗೂ ಅದರಲ್ಲಿ ಶಮನವಿದೆಯೆಂಬ ಪ್ರಮಾಣಬದ್ಧ ಹದೀಸನ್ನು ನಾವು ಪೂರ್ಣ ಮನಸ್ಸಿನಿಂದ ನಂಬುತ್ತೇವೆ. ಅದೇ ಪ್ರವಾದಿ(ಸ) ಬೇರೆ ಬೇರೆ ಸಂದರ್ಭಗಳಲ್ಲಿ ಜೇನನ್ನೂ ಹಿಜಾಮವನ್ನೂ ಸೂಚಿಸಿದ್ದಾರೆ; ರೋಗಿಗಳನ್ನು ವೈದ್ಯರ ಬಳಿಗೂ ಕಳುಹಿಸಿದ್ದಾರೆ. ಒಂದು ಹದೀಸನ್ನು ಹಿಡಿದು ಉಳಿದವುಗಳನ್ನು ಬಿಡುವುದು ಸುನ್ನತ್‌ನ ಅನುಸರಣೆಯಲ್ಲ. ಅದರ ಎಣ್ಣೆಯನ್ನಾಗಲೀ ಬೇರಾವ ಎಣ್ಣೆಯನ್ನಾಗಲೀ ಹಸುಗೂಸಿನ ಮೂಗಿಗೆ ಬಿಡಬಾರದು. ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು.

ಜೇನಿನಲ್ಲಿ ಜನರಿಗೆ ಶಮನವಿದೆಯೆಂದು ಪವಿತ್ರ ಕುರ್‌ಆನ್‌ನ ಅನ್ನಹ್ಲ್ ಅಧ್ಯಾಯವು ತಿಳಿಸುತ್ತದೆ. ಮಲಗುವ ಮುನ್ನ ಒಂದು ಚಮಚ ಜೇನು ಕೆಮ್ಮನ್ನು ತಗ್ಗಿಸುತ್ತದೆಂದು ಇಂದಿನ ವೈದ್ಯಕೀಯವೂ ಒಪ್ಪುತ್ತದೆ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಜೇನಿನಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳು ಆ ವಯಸ್ಸಿನ ಕರುಳಿನಲ್ಲಿ ಬೆಳೆದು, ಸ್ನಾಯುಗಳನ್ನು ನಿಶ್ಶಕ್ತಗೊಳಿಸುವ ವಿಷವನ್ನು ಉಂಟುಮಾಡಬಲ್ಲವು. ನಮ್ಮಲ್ಲಿ ತಹ್ನೀಕ್‌ನ ಹೆಸರಿನಲ್ಲಿ ನವಜಾತ ಶಿಶುವಿನ ನಾಲಿಗೆಗೆ ಜೇನು ಸವರುವ ರೂಢಿಯಿದೆ. ಪ್ರವಾದಿ(ಸ) ತಹ್ನೀಕ್ ಮಾಡಿದುದು ಮೆದುಗೊಳಿಸಿದ ಖರ್ಜೂರದಿಂದ. ಖರ್ಜೂರದ ನುಣ್ಣನೆಯ ರಸವನ್ನು ಸ್ವಚ್ಛ ಬೆರಳಿನಿಂದ ತುಸುವೇ ಸವರಿದರೆ ಸುನ್ನತ್ ಪೂರ್ಣವಾಗುತ್ತದೆ. ನೆಗಡಿಯಿರುವವರು, ಅವರು ಎಷ್ಟೇ ಗೌರವಾನ್ವಿತರಾಗಿದ್ದರೂ, ತಹ್ನೀಕ್ ಮಾಡಲು ಅಥವಾ ಮಗುವನ್ನು ಮುದ್ದಿಸಲು ಮುಂದಾಗಬಾರದು. ಬಾಣಂತಿಯ ಕೋಣೆಯಲ್ಲಿ ಲೋಬಾನದ ಹೊಗೆ ಹಾಕುವುದನ್ನೂ ನಿಲ್ಲಿಸಬೇಕು. ಹೊಗೆಯು ಶೀತವನ್ನು ಓಡಿಸುವುದಿಲ್ಲ, ಎಳೆಯ ಶ್ವಾಸಕೋಶಗಳನ್ನು ಕೆರಳಿಸುತ್ತದೆ.

ಮಕ್ಕಳ ಕೆಮ್ಮಿನ ಸಿರಪ್‌ಗಳ ಬಗ್ಗೆ ಹೆತ್ತವರು ವಿಶೇಷ ಎಚ್ಚರ ವಹಿಸಬೇಕು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷಕಾರಿ ಡೈಎಥಿಲೀನ್ ಗ್ಲೈಕಾಲ್ ಸೇರಿದ್ದ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ವಿಫಲವಾಗಿ ಮೃತಪಟ್ಟರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಅವು ಬೇಕಿಲ್ಲ ಎಂದು ಆ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸೂಚಿಸಿತು. ಮಕ್ಕಳಿಗೆ ಆ್ಯಸ್ಪಿರಿನ್ ಕೊಡಬಾರದು. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಅದರ ಪ್ರಮಾಣವನ್ನು ಮಗುವಿನ ತೂಕ ನೋಡಿ ವೈದ್ಯರೇ ಹೇಳಬೇಕು.

ಹಾಗಾದರೆ ಮನೆಯಲ್ಲಿ ಮಾಡಬಹುದಾದುದೇನು? ವಿಶ್ರಾಂತಿ, ಸಾಕಷ್ಟು ನೀರು, ಬೆಚ್ಚಗಿನ ಗಂಜಿ. ರೋಗಿಗಳಿಗೆ ಬಾರ್ಲಿಯ ತೆಳುಗಂಜಿಯಾದ ತಲ್ಬೀನವನ್ನು ಹ. ಆಯಿಶಾ(ರ) ಸೂಚಿಸುತ್ತಿದ್ದರು, ನಮ್ಮ ಅಜ್ಜಿಯರ ಗಂಜಿಯೂ ಅದೇ ಕೆಲಸವನ್ನು ಮಾಡುತ್ತದೆ. ಶುಂಠಿ, ಕಾಳುಮೆಣಸು, ಜೀರಿಗೆಯ ಕಷಾಯವು ಗಂಟಲಿಗೆ ಹಿತ. ಅದು ವೈರಸನ್ನು ಕೊಲ್ಲುವುದಿಲ್ಲ, ಸಂಕಟವನ್ನು ತಗ್ಗಿಸುತ್ತದೆ. ದೊಡ್ಡವರು ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಬಾಯಿ ಮುಕ್ಕಳಿಸಬಹುದು. ಮಕ್ಕಳ ಕಟ್ಟಿದ ಮೂಗಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿಗಳು ಸಾಕು. ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಕೊಡುವುದು ಸುಟ್ಟಗಾಯಗಳಿಗೆ ದಾರಿ. ಕರ್ಪೂರವನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಅದು ಹೊಟ್ಟೆಗೆ ಹೋದರೆ ಅಪಸ್ಮಾರ ಬರಬಹುದು.

ವೈದ್ಯರ ಬಳಿಗೆ ತಡಮಾಡದೆ ಹೋಗಬೇಕಾದ ಲಕ್ಷಣಗಳನ್ನು ಪ್ರತಿಯೊಬ್ಬ ತಾಯಿ ತಂದೆಯೂ ತಿಳಿದಿರಬೇಕು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ, ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದ ಮಂಪರು, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಸೆಳೆಯುವುದು, ತುಟಿ ನೀಲಿಯಾಗುವುದು. ಮಗು ಶಾಂತವಾಗಿರುವಾಗ ಒಂದು ನಿಮಿಷದ ಉಸಿರನ್ನು ಎಣಿಸಬೇಕು: ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ನ್ಯುಮೋನಿಯಾದ ಸೂಚನೆಯಾಗಿರಬಹುದು. ದೊಡ್ಡವರಲ್ಲಿ ಮೂರು ದಿನ ಮೀರಿದ ಜ್ವರ, ಎದೆನೋವು, ಏದುಸಿರು, ಹತ್ತು ದಿನಗಳಾದರೂ ಇಳಿಯದ ನೆಗಡಿ, ಒಮ್ಮೆ ಗುಣವಾಗಿ ಮತ್ತೆ ಉಲ್ಬಣಿಸಿದ ಜ್ವರ ಇವು ನೆಗಡಿಯ ಮಿತಿಯನ್ನು ದಾಟಿದ ಲಕ್ಷಣಗಳು. ವೃದ್ಧರು, ಗರ್ಭಿಣಿಯರು, ಅಸ್ತಮಾ, ಮಧುಮೇಹ ಇರುವವರು ಪ್ರತಿವರ್ಷ ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ವಿಚಾರಿಸುವುದು ಒಳ್ಳೆಯದು. ಅದು ನೆಗಡಿಯನ್ನು ತಡೆಯುವುದಿಲ್ಲ. ಹೆಚ್ಚು ಅಪಾಯಕಾರಿಯಾದ ಇನ್‌ಫ್ಲುಯೆನ್ಝಾದಿಂದ ರಕ್ಷಣೆ ನೀಡುತ್ತದೆ.

ಮನೆಯ ತಾಯಿಗೆ ನೆಗಡಿಯಾದಾಗ

ಒಂದು ವಿಷಯವನ್ನು ಹೇಳದೆ ಈ ಬರಹವನ್ನು ಮುಗಿಸುವುದು ನ್ಯಾಯವಲ್ಲ. ಮನೆಯ ಗಂಡಸಿಗೆ ನೆಗಡಿಯಾದರೆ ಕಷಾಯ, ಗಂಜಿ, ಹೊದಿಕೆ ಎಲ್ಲವೂ ಹಾಸಿಗೆಯ ಬಳಿಗೇ ಬರುತ್ತದೆ. ಮನೆಯ ತಾಯಿಗೆ ಬಂದಾಗ ಅವಳು ಅದೇ ಜ್ವರದಲ್ಲಿ ಸುಬ್‌ಹ್‌ಗೆ ಮೊದಲೇ ಎದ್ದು, ತಣ್ಣೀರಿನಲ್ಲಿ ಪಾತ್ರೆ ತೊಳೆದು, ಎಲ್ಲರಿಗೂ ರೊಟ್ಟಿ ಬೇಯಿಸುತ್ತಾಳೆ. ಅವಳ ಕಾಯಿಲೆ ಮೂರು ವಾರ ಎಳೆಯುವುದಕ್ಕೂ, ಅಡುಗೆಯ ಮೂಲಕ ಮನೆಮಂದಿಗೆಲ್ಲ ಹರಡುವುದಕ್ಕೂ ಇದು ಕಾರಣವಾಗಬಹುದು. ಪ್ರವಾದಿ(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರೆಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಗಡ್ಡ, ಟೋಪಿಗಳಲ್ಲಿ ಸುನ್ನತ್ತನ್ನು ಹುಡುಕುವ ನಾವು ನಾಲ್ಕು ದಿನ ಅಡುಗೆಮನೆಯಲ್ಲೂ ಅದನ್ನು ಹುಡುಕೋಣ.

ಜ್ವರವನ್ನು ಶಪಿಸಿದ ಸಹಾಬಿಯಾ ಉಮ್ಮುಸ್ಸಾಇಬ್(ರ)ರನ್ನು ಪ್ರವಾದಿ(ಸ) ತಡೆದರು. ಅದು ಪಾಪಗಳನ್ನು ತೊಳೆಯುತ್ತದೆಂದು ಸಮಾಧಾನಪಡಿಸಿದರು. ಆದುದರಿಂದ ಕಾಯಿಲೆ ಬಂದಾಗ ವಿಶ್ವಾಸಿಯು ಗೊಣಗುವುದಿಲ್ಲ. ಆದರೆ ತನ್ನ ಪಾಪಗಳನ್ನು ತೊಳೆಯುವ ಕಾಯಿಲೆಯನ್ನು ಇತರರ ಮೇಲೆ ಹೊರಿಸುವುದೂ ಇಲ್ಲ. ತಾಳ್ಮೆ ತನ್ನ ಪಾಲಿನದು, ಎಚ್ಚರಿಕೆ ಇತರರ ಹಕ್ಕು. ಈ ಚಳಿಗಾಲದಲ್ಲಿ ನಮ್ಮ ಮನೆ, ಮಸೀದಿ, ಮದ್ರಸಗಳಲ್ಲಿ ಇವೆರಡನ್ನೂ ಪಾಲಿಸಲು ಅಲ್ಲಾಹನು ನಮಗೆಲ್ಲರಿಗೂ ತೌಫೀಕ್ ನೀಡಲಿ, ರೋಗಪೀಡಿತರಿಗೆ ಪೂರ್ಣ ಆರೋಗ್ಯವನ್ನು ಕರುಣಿಸಲಿ. ಆಮೀನ್.